ಕೊಲ್ಹಾರದ ಮಾಜಾಂಗ್ ಪೆಟಗಿ

ಹಲ್ಲಿನ ಡಾಕ್ಟರಿಗೆ ಯಾರೂ ಖರೇ ಹೇಳೂದಿಲ್ಲ. ಕರ್ರಗ ಕಂದಿದ ಹಲ್ಲು ತೋರಿಸಿಕೋತನ "ತಂಬಾಕ ಮುಟ್ಟೂದ ಇಲ್ರಿ ಬಾಯಾರ" ಅಂತಾರ. ಬಸವನ ಬಾಗೇವಾಡ್ಯಾಗ ಇಷ್ಟು ವರ್ಷ ಮಂದಿ ಬಾಯಾಗ ಇಣುಕಿ ಇಣುಕಿ, ಮಾತು ನಂಬೂ ರೂಢೀನ ಹೋಗಿಬಿಟ್ಟೇತಿ ನಂದು. ಹಿಂಗಾಗಿ ಕೊಲ್ಹಾರದಿಂದ ಬಂದ ಆ ಮನಷ್ಯಾ ನನ್ನ ಖುರ್ಚಿ ಮ್ಯಾಲ ಕುಂತು, ಬಾಯಿ ತಗೀಲಾರದ ಕಿಸೆ ತಗದಾಗ, ಮದಲ ಬಂದದ್ದು ಗುಮಾನಿ.

ಅಂವ ಎರಡು ಬಿಲ್ಲೆ ತಗದು ನನ್ನ ಅಂಗೈಯಾಗ ಇಟ್ಟ. ಒಂದು ಹಳದಿ, ಕಾಸಿದ ತುಪ್ಪದ ಬಣ್ಣ. ಒಂದು ಬೆಳ್ಳಗ. ಎರಡಕ್ಕೂ ಹಿಂದ ಬಿದಿರಿನ ಬೆನ್ನು. ನೋಡಿದ ಕೂಡ್ಲೆ ಗುರ್ತು ಸಿಕ್ತು. ಮಾಜಾಂಗ್!

ಮಾಜಾಂಗ್ ಅಂದ್ರ ಚೀನಾದವರ ಆಟ. ನಾಕು ಮಂದಿ ಕುಂತು ಇಸ್ಪೀಟಿನಂಗ ಆಡೂದು, ಎಲಿ ಬದ್ಲಿ ಇಂಥ ಬಿಲ್ಲೆ. ಪುಣೆದಾಗ ಓದಾಕಿದ್ದಾಗ ನಾನಿದ್ದ ಮನಿಯಾಕಿ ನೌಕಾಪಡೆಯವನ ಹೆಂಡ್ತಿ. ಅಕಿ, ಅಕಿ ಗೆಳತ್ಯಾರು ದಿನಾ ಮಧ್ಯಾಹ್ನ ಟಕಟಕ ಅಂತ ಆಡತಿದ್ರು. ಆಡಾಕ ನನಗ ಇವತ್ತಿಗೂ ಅಷ್ಟಕ್ಕಷ್ಟ. ಆದ್ರ ಹಳೇ ಸೆಟ್ ಹುಡುಕೂದು, ಸ್ವಚ್ಛ ಮಾಡೂದು, ಬಿಟ್ಟು ಬಂದ ಬಿದಿರು ಕೂಡಿಸೂದು, ಅದರ ಹುಚ್ಚು ಹತ್ತಿ ಬಿಟ್ಟತು. ಎಲುಬು ಕೆರಿಯೂ ಕೆಲಸಕ್ಕ ಹಲ್ಲಿನ ಡಾಕ್ಟರ್‌ನ ಹತಾರದಷ್ಟು ಚಲೋ ಹತಾರ ಇನ್ನೊಂದಿಲ್ಲ ನೋಡ್ರಿ. ಮುದ್ದೇಬಿಹಾಳದಾಗ ಒಬ್ಬ ನಿವೃತ್ತ ನಾವಿಕನ ಮನ್ಯಾಗ ಒಂದು, ಸಿಂದಗಿಯೊಳಗ ಗುಜರಿ ಅಂಗಡ್ಯಾಗ ಅರ್ಧಾ ಮುರ್ದ ಒಂದು, ಹಿಂಗ ಕೂಡಿಸಿಟ್ಟೇನಿ. ಈ ಸುದ್ದಿ ಸುತ್ತೆಲ್ಲಾ ಹಬ್ಬೇತಿ. ಹಬ್ಬಿದ್ದಕ್ಕ ಇಂವ ಬಂದಿದ್ದ.

"ಇದರಾಗ ಅಸಲಿ ಯಾವದು ಹೇಳ್ರಿ ಬಾಯಾರ" ಅಂದ. "ಎರಡನೇದು ನಕಲಿ ಅಂತ ಒಂದು ಚೀಟಿ ಬರದು ಕೊಟ್ರ ಸಾಕು."

ನಾ ಇನ್ನಾ ಬಿಲ್ಲೆ ನೆಟ್ಟಗ ನೋಡಿಲ್ಲ, ಇಂವಗ ಉತ್ತರಾನೂ ಗೊತ್ತೈತಿ! "ಚೀಟಿ ಆಮ್ಯಾಲ. ಮದಲ ಕಥಿ ಹೇಳ್ರಿ" ಅಂದೆ.

ಕಥಿ ಇಷ್ಟು. ಅವನ ಅಜ್ಜ ಮುಂಬೈದಾಗ ಹಡಗಿನ ಮ್ಯಾಲ ಅಡಿಗಿ ಮಾಡತಿದ್ದ. ಯಾವದೋ ಬಂದರಿನಿಂದ ಈ ಪೆಟಗಿ ತಂದಿದ್ದ. ಮನ್ಯಾಗ ಯಾರಿಗೂ ಆಟ ತಿಳೀದು, ಅಜ್ಜನ ವಸ್ತು ಅಂತ ಕಾದಿಟ್ಟಿದ್ರು. ಹಳೇ ಕೊಲ್ಹಾರ ಡ್ಯಾಮಿನ ಹಿನ್ನೀರಾಗ ಮುಳುಗಿ ಹೋತು, ಹೊಸಾ ಊರಿಗೆ ಬಂದ್ರು, ಪೆಟಗೀನೂ ಬಂತು. ಇವರವ್ವ ಸಾಯೂ ಮುಂದ ಅದನ್ನ ಸಣ್ಣ ಸೊಸಿ ಕೈಯಾಗ ಕೊಟ್ಲು, ಕೀಲಿ ಸಮೇತ. ಈಗ ಅಣ್ಣ ತಮ್ಮ ಪಾಲಾಗಾಕತ್ತಾರ. ಪೆಟಗಿ ತಗದು ನೋಡಿದ್ರ ಬರೇ ಒಂದು ಭಾಗ ಹಳದಿ, ಉಳಿದದ್ದೆಲ್ಲಾ ಬಿಳಿ. ಇಂಡಿ ಊರಾಗ ಹಳೇ ಸಾಮಾನಿನ ವ್ಯಾಪಾರಿಗೆ ತೋರಿಸಿದ್ರ, ಹಳದಿ ಆನಿದಂತ, ಬಿಳಿ ಎಲುಬು ಅಂದನಂತ.

"ನಾ ಸಣ್ಣಾಂವಿದ್ದಾಗ ಕಣ್ಣಾರೆ ನೋಡೇನ್ರಿ. ಎಲ್ಲಾ ಹಳದಿ ಇದ್ದುವು. ಬಿಳೀದು ಒಂದೂ ನೋಡಿಲ್ಲ. ನನ್ನ ತಮ್ಮನ ಹೆಂಡ್ತಿ ದಂತದವು ತಗದು ಎಲುಬಿನವು ತುಂಬ್ಯಾಳ."

"ಅಕಿ ಏನಂತಾಳ?"

"ಏನಂತಾಳ? ಬೀರಪ್ಪನ ಗುಡಿ ಕಟ್ಟಿ ಮ್ಯಾಲ ಹಿರ್ಯಾರು ಕುಂತು, ಭಂಡಾರ ಮುಟ್ಟಿ ಆಣಿ ಮಾಡವ್ವಾ ಅಂದ್ರು. ಒಲ್ಲೆ ಅಂದ್ಲು. ಕಳವು ಮಾಡದಾಕಿ ಯಾಕ ಅಂಜಬೇಕ್ರಿ? ಅಮಾಸಿತನಕ ಟೈಮ್ ಕೊಟ್ಟಾರ. ಆಣಿ ಮಾಡಬೇಕು, ಇಲ್ಲಾ ಪಾಲು ಬಿಟ್ಟು ಗಂಡನ್ನ ಕರಕೊಂಡು ತವರಿಗೆ ನಡೀಬೇಕು."

ಬೀರಪ್ಪನ ಭಂಡಾರ ಅಂದ್ರ ದೇವರ ಮುಂದಿನ ಅರಿಷಿಣ ಪುಡಿ. ಅದನ್ನ ಮುಟ್ಟಿ ಸುಳ್ಳಾಡಿದ್ರ ವಂಶ ಉಳಿಯೂದಿಲ್ಲಂತ ನಂಬಿದ ಮಂದಿ. ನಾ ಅಂವನ ಮುಖಾ ನೋಡಿದೆ. ಪಾಲಿನ ಟೈಮಿನಾಗ ಕಳವು ಸಿಗೂದು ಅಂದ್ರ ಭಾಳ ಅನುಕೂಲದ ಕಳವು ಅನಿಸ್ತು. ಆದ್ರ ಬಿಲ್ಲೆ ಬಿಡಾಕ ಮನಸ್ಸಾಗಲಿಲ್ಲ. "ಪೆಟಗಿ ಪೂರಾ ನೋಡಲಾರದ ಏನೂ ಹೇಳೂದಿಲ್ಲ. ಐತವಾರ ಬರತೇನಿ" ಅಂದೆ. ನನಗ ಆ ಪೆಟಗಿ ಬೇಕಾಗಿತ್ತು, ಅದನ್ನ ಯಾಕ ಮುಚ್ಚಿಡ್ಲಿ?

ಐತವಾರ ಕೊಲ್ಹಾರಕ್ಕ ಹೋದೆ. ಪಡಸಾಲ್ಯಾಗ ಬಿಳಿ ಚಾದರ ಹಾಸಿಸಿ, ಕೈಗೆ ಗ್ಲೌಸ್ ಹಾಕ್ಕೊಂಡು ಪೆಟಗಿ ತಗದೆ. ಎಪ್ಪಾ, ಏನ್ ಕೆಲಸ! ಬಿದಿರಿಗೂ ಎಲುಬಿಗೂ ಅಂಟು ಹಚ್ಚಿ ಬಿಟ್ಟಿದ್ದಿಲ್ಲ, ಒಂದರಾಗೊಂದು ಕಚ್ಚಿ ಕೂಡಿಸಿದ್ರು, ಬಡಿಗ್ಯಾರು ಸಂದೂಕಿನ ಮೂಲಿ ಕೂಡಿಸತಾರಲ್ಲ ಹಂಗ. ಕೊರೆದ ಗೆರಿಯೆಲ್ಲಾ ಕೈಲೆ ಕೊರದದ್ದು. ನೂರಾ ನಲವತ್ನಾಕೂ ಇದ್ದುವು. ಇಂಥಾ ಪೂರಾ ಸೆಟ್ ನಾ ಮದಲ ನೋಡೇ ಇರಲಿಲ್ಲ.

ಜಾತಿ ಜಾತಿ ಬ್ಯಾರೆ ಮಾಡಿ ಇಟ್ಟೆ. ಚೀನಿ ಅಕ್ಷರದವು, ಬಿದಿರಿನ ಕಡ್ಡಿ ಚಿತ್ರದವು, ದುಂಡ ದುಂಡ ಚಕ್ರದವು, ಉಳಿದವು ಗಾಳಿ, ಹೂವಿನ ಹೆಸರಿನವು. ಇಟ್ಟ ಮ್ಯಾಲ ನನ್ನ ಗುಮಾನಿ ದುಪ್ಪಟ್ಟಾತು. ಹಳದಿ ಇದ್ದುವೆಲ್ಲಾ ಚಕ್ರದವು. ಒಂದೂ ಚಕ್ರ ಬಿಳೀದಿಲ್ಲ, ಚಕ್ರ ಬಿಟ್ಟು ಒಂದೂ ಹಳದಿ ಇಲ್ಲ. ಕಳ್ಳರು ಇಷ್ಟು ಶಿಸ್ತಿಲೆ ಕದೀತಾರೇನು?

ಭೂತಗನ್ನಡಿ ಹಿಡದೆ. ಬಿಳಿಯೊಳಗ ಸೂಜಿ ಚುಚ್ಚಿದಂಗ ಸಣ್ಣ ಸಣ್ಣ ಕಂದು ತೂತು ಕಂಡುವು. ರಕ್ತ ಹರದಾಡೂ ನಾಳ ಅವು, ಅಂದ್ರ ಎಲುಬು, ಸಂಶಯ ಇಲ್ಲ. ಹಳದಿಯೊಳಗ ತೂತೂ ಇಲ್ಲ, ಏನಿಲ್ಲ, ನುಣ್ಣಗ ಗಾಜು. ಆನಿದಂತ ಇದ್ರ ಒಳಗ ಅಡ್ಡಾತಿಡ್ಡಿ ಗೆರಿ ಜಾಳಗಿ ಹಂಗ ಕಾಣಬೇಕು. ಅದೂ ಇಲ್ಲ. ಎಲುಬೂ ಅಲ್ಲ, ದಂತಾನೂ ಅಲ್ಲ, ಹಂಗಾರ ಏನಿದು?

ಬಾಗಲದಾಗ ತಮ್ಮನ ಹೆಂಡ್ತಿ ನಿಂತಿದ್ಲು. ಗಟ್ಟಿ ಹೆಣ್ಣು, ಕೈಯಾಗ ರೊಟ್ಟಿ ಹಿಟ್ಟು ಹಂಗ ಇತ್ತು. ಅಕಿ ಗಂಡ ಕಂಬಕ್ಕ ಆತು ಕುಂತಿದ್ದ, ಬಾಯಾಗ ಬೆಣ್ಣಿ ಇಟ್ಕೊಂಡಂಗ ಸುಮ್ಮನ.

"ಏನ್ ಕಾಣಾಕತ್ತೇತ್ರಿ?" ಅಂದ್ಲು.

"ಯಾಕ, ಏನ್ ಕಾಣತೈತಿ ಅಂತ ಅಂಜಿಕಿ ಐತೇನು?" ಅಂದೆ ನಾನು. ಯಾಕ ಹಂಗಂದ್ನೋ, ಬಾಯಿಗೆ ಬಂತು, ಅಂದುಬಿಟ್ಟೆ.

ಅಕಿ ನಕ್ಕಳು. ಆ ನಗಿ ನೋಡಿ ನನಗ ಇನ್ನೂ ಸಂಶಯ ಬಂತು. "ನಂಬೂ ಮಂದಿ ಯಾರೂ ಈ ಮನಿಗೆ ಬರೂದಿಲ್ಲ ಬಿಡ್ರಿ. ನಾ ಮಾಡಲಾರದ್ದಕ್ಕ ನಮ್ಮ ದೇವರ ಯಾಕ ಮುಟ್ಟಲಿ? ಇವತ್ತು ಬಿಲ್ಲೆ ಸಲುವಾಗಿ ಮುಟ್ಟಿದ್ರ, ನಾಳೆ ಹಾಲು ಕಮ್ಮಿ ಬಿದ್ರೂ ಮುಟ್ಟು ಅಂತಾರ" ಅಂದ್ಲು.

ಮಾತು ಸರಿ ಇತ್ತು. ಆದ್ರ ಸರಿ ಮಾತಾಡೂ ಸುಳ್ಳರನ್ನೂ ನಾ ಭಾಳ ಮಂದಿ ನೋಡೇನಿ. ಮನಸ್ಸಿನೊಳಗ ಸಂಶಯದ ಬೊಟ್ಟು ಅಕಿ ಕಡೆ ಒಂದು, ಅಣ್ಣನ ಕಡೆ ಒಂದು ಮಾಡಿಟ್ಕೊಂಡು, ಅಂವ ಮದಲ ತೋರಿಸಿದ ಆ ಎರಡು ಬಿಲ್ಲೆ ಕೇಳಿ ಇಸ್ಕೊಂಡು ವಾಪಸ್ ಬಂದೆ.

ಮೂರನೇ ಬೊಟ್ಟು ಇಂಡಿ ವ್ಯಾಪಾರಿ ಕಡೆ ಇತ್ತು. ಪೆಟಗಿ ಅವನ ಕೈಗೆ ಹೋಗಿದ್ರ, ಬದಲಿ ಮಾಡಿದಾಂವ ಅವನ ಯಾಕ ಇರಬಾರದು? ಆ ವಾರ ದವಾಖಾನಿಗೆ ಕೀಲಿ ಹಾಕಿ ಇಂಡಿಗೆ ಹೋದೆ. ಲಿಂಬಿಹಣ್ಣಿನ ಬಜಾರದ ಹಿಂದ ಅಂವನ ಅಂಗಡಿ, ತಾಮ್ರದ ಹಂಡೆ, ಕುಂಟ ಗಡಿಯಾರದ ನಡುವ ಕುಂತಿದ್ದ. ನಾ ಪೆಟಗಿ ಸುದ್ದಿ ತಗದ ಕೂಡ್ಲೆ ಸಿಟ್ಟಾದ.

"ಪೆಟಗಿ ನನ್ನ ಹೊಸ್ತಿಲ ದಾಟಿಲ್ರಿ ಬಾಯಾರ! ಆ ಕೊಲ್ಹಾರದಾಂವ ಎರಡ ಬಿಲ್ಲೆ ತಂದಿದ್ದ, ಎರಡ ನೋಡೇನಿ. ಬೇಕಾರ ಅಂವನ್ನ ಕರದು ಕೇಳ್ರಿ."

"ದಂತ ಅಂತ ಹೆಂಗ ಹೇಳಿದ್ರಿ?"

"ಸೂಜಿ ಕಾಸಿ ಚುಚ್ಚಿದೆ. ಎಲುಬು ಇದ್ರ ಕೂದಲ ಸುಟ್ಟ ವಾಸ್ನಿ ಬರಬೇಕಲ್ಲ? ಬರಲಿಲ್ಲ."

ಅಯ್ಯ ಶಿವನ! ಹಳೇ ಬಿಲ್ಲೆಗೆ ಕಾಸಿದ ಸೂಜಿ ಚುಚ್ಚೂದು ಅಂದ್ರ ಆಕಳಿನ ಕಿವಿಗೆ ಮೊಳಿ ಹೊಡದಂಗ. ಹಳದಿ ಬಿಲ್ಲೆ ಬಗಲಿಗೆ ಆ ತೂತು ಇತ್ತು, ನಾ ಅದನ್ನ ಹುಳಾ ತಿಂದದ್ದು ಅಂದ್ಕೊಂಡಿದ್ದೆ. ಅಂವಗ ಬಾಯಿಗೆ ಬಂದಂಗ ಬೈದೆ. ಬೈಸಿಕೊಂಡು ಅಂವ ಒಂದು ಮಾತಂದ.

"ಕೂದಲ ವಾಸ್ನಿ ಬರಲಿಲ್ರಿ, ಖರೇ ಹೇಳತೇನಿ. ನಮ್ಮ ಅವ್ವನ ದೇವರ ಮನಿ ವಾಸ್ನಿ ಬಂತು. ನಂದಾದೀಪ ಆರಿಸಿದಾಗ ಬರತೈತಿ ನೋಡ್ರಿ, ಹಂಗ. ದಂತಕ್ಕ ಹಂಗ ಇರ್ತೈತೇನೋ ಅಂದ್ಕೊಂಡೆ."

ನನ್ನ ಸಿಟ್ಟು ಅಲ್ಲೇ ನಿಂತು ಹೋತು. ದಂತಾ ಸುಟ್ರ ದೇವರ ಮನಿ ವಾಸ್ನಿ ಬರೂದಿಲ್ಲ. ತುಪ್ಪ ಸುಟ್ರ ಬರತೈತಿ.

ದವಾಖಾನಿಗೆ ಬಂದು ಕಿಡಕಿಗೆಲ್ಲಾ ಪರದೆ ಎಳದೆ. ಹಲ್ಲಿಗೆ ಸಿಮೆಂಟ್ ತುಂಬಿ ಗಟ್ಟಿ ಮಾಡೂ ನೀಲಿ ಲೈಟ್ ಇರತೈತಲ್ಲ, ಅದನ್ನ ಹಳದಿ ಬಿಲ್ಲೆ ಮ್ಯಾಲ ಹಿಡದು, ಕಿತ್ತಳಿ ಬಣ್ಣದ ಕನ್ನಡಕ ಹಾಕ್ಕೊಂಡು ನೋಡಿದೆ. ಚಕ್ರ ಕೊರದ ಗೆರಿಯಾಗೆಲ್ಲಾ ಹಸರು ಹಳದಿ ಬೆಳಕು ಭಗ್ಗಂತ ಎದ್ದತು. ಪಲ್ಯದೊಳಗಿನ ಅರಿಷಿಣ ಹಲ್ಲಿನ ಸಂದ್ಯಾಗ ಕುಂತಾಗ ಇದ ಬೆಳಕು ನೋಡೇನಿ. ಬಿಳಿ ಬಿಲ್ಲೆ ಹಿಡದೆ, ಏನೂ ಇಲ್ಲ. ಅರಿಷಿಣ, ತುಪ್ಪ! ಈ ಬಿಲ್ಲೆನ ಯಾರೋ ಪೂಜಿ ಮಾಡ್ಯಾರ.

ಇಷ್ಟ ಸಾಕಾಗೂದಿಲ್ಲ. ಅರಿಷಿಣ ದಂತಕ್ಕೂ ಹಚ್ಚಬಹುದು. ಒಳಗ ಎಲುಬಿನ ತೂತು ಅದಾವೋ ಇಲ್ಲೋ ನೋಡಬೇಕಂದ್ರ ತುಪ್ಪ ಹೊರಗ ತಗೀಬೇಕು. ತಗದ್ರ ಬಣ್ಣ ಹೋಗತೈತಿ, ಹಳೇ ವಸ್ತುವಿನ ಬಣ್ಣ ಒಮ್ಮೆ ಹೋದ್ರ ಹೊಳ್ಳಿ ಬರೂದಿಲ್ಲ. ಕೊಲ್ಹಾರಕ್ಕ ಫೋನ್ ಹಚ್ಚಿದೆ. ಅಣ್ಣ "ಮುಟ್ಟಬ್ಯಾಡ್ರಿ, ದಂತ ಹಾಳಾಗತೈತಿ" ಅಂದ. ಹಿಂದಿಂದ ಅಕಿ ಧ್ವನಿ ಕೇಳಸ್ತು: "ಮಾಡ್ರಿ ಬಾಯಾರ. ಹಾಳಾದ್ರ ನನ್ನ ಪಾಲಿನಾಗ ಹಿಡಕೋರಿ ಆ ಬಿಲ್ಲೆ."

ಅಂಜೂ ಹೆಣ್ಣು ಹಂಗ ಅಂತಾಳೇನು? ಅಥವಾ ಬುದ್ಧಿವಂತ ಹೆಣ್ಣು ಹಂಗ ಅಂತಾಳೇನು? ಸಂಶಯ ಅನ್ನೂದು ಹೊಟ್ಟ್ಯಾಗಿನ ಹುಳಾ, ಏನ್ ಹಾಕಿದ್ರೂ ತಿಂತೈತಿ. ಹಂಗಿದ್ರೂ ಮಾಡೂದ ಅಂತ ಮನಸ್ಸು ಗಟ್ಟಿ ಮಾಡಿದೆ.

ಚಾಕ್ ಪುಡಿಗೆ ಎರಡು ಹನಿ ಸ್ಪಿರಿಟ್ ಹಾಕಿ ಹಿಟ್ಟಿನಂಗ ಕಲಿಸಿ, ಬಿಲ್ಲೆಯ ಒಂದು ಬಗಲಿಗೆ ಅಷ್ಟ ಮೆತ್ತಿದೆ. ನೀರು ಹಾಕಿದ್ರ ಎಲುಬು ಉಬ್ಬಿ ಬಿದಿರಿನಿಂದ ಬಿಟ್ಟು ಬರತೈತಿ, ಅದಕ್ಕ ಒಂದು ಹನೀನೂ ನೀರಿಲ್ಲ. ಒಣಗಿದ್ಮ್ಯಾಲ ತಗದ್ರ ಪುಡಿ ಹಳದಿ ಕುಡದಿತ್ತು. ಮತ್ತ ಮೆತ್ತಿದೆ. ಮತ್ತ ತಗದೆ. ಮದಲಿನ ಸಲ ಏನೂ ಕಾಣಲಿಲ್ಲ, ಎರಡನೇ ಸಲಾನೂ ಇಲ್ಲ. ವ್ಯಾಪಾರಿ ಮಾತ ಖರೇ ಇದ್ದೀತು, ನನ್ನ ಕೈಯಿಂದ ದಂತ ಹಾಳಾತು ಅಂತ ಜೀವಾ ಪುಕು ಪುಕು ಅನ್ನಾಕತ್ತು. ಮೂರು ದಿನ ಹಿಂಗ ಮಾಡಿದ್ಮ್ಯಾಲ ಭೂತಗನ್ನಡಿ ಹಿಡದ್ರ, ಆ ಬಗಲಿನಾಗ ಸಣ್ಣ ಸಣ್ಣ ಕಂದು ತೂತು. ಎಲುಬು! ತುಪ್ಪ ತೂತಿನಾಗೆಲ್ಲಾ ತುಂಬಿ ಕುಂತಿತ್ತು, ಮತ್ತೇನಿಲ್ಲ. ದವಾಖಾನಿ ಕಂಪೌಂಡರ್ ಬಾಯಿ ನನ್ನ ಮಾರಿ ನೋಡಿ ಯಾರದೋ ಹುಟ್ಟಿದ ಹಬ್ಬ ಅಂದ್ಕೊಂಡ್ಲು.

ಅಮಾಸಿ ಹತ್ರ ಬಂದಿತ್ತು. ಮತ್ತ ಕೊಲ್ಹಾರಕ್ಕ ಹೋದೆ. ಈ ಸಲ ಬಿಲ್ಲೆಗಳನ್ನ ಮಾರಿ ಕೆಳಗ ಮಾಡಿ, ಬೆನ್ನು ಮ್ಯಾಲ ಮಾಡಿ ಹಾಸಿದೆ. ಒಂದ ಬಿದಿರಿನ ಪಟ್ಟಿ ಕೊಯ್ದು ಸಾಲಾಗಿ ಬಿಲ್ಲೆ ಮಾಡಿರತಾರ. ನಾರಿನ ಗೆರಿ ಒಂದರಿಂದ ಮಗ್ಗಲಿನ ಬಿಲ್ಲೆಗೆ ದಾಟತಾವ. ಹರದ ಅರಿವಿ ಕೂಡಿಸಿದಂಗ, ಜೋಡಿ ಹುಡುಕೂದು. ಅಣ್ಣ, ತಮ್ಮ, ಅಕಿ, ಮೂರೂ ಮಂದಿ ಸುತ್ತ ಕುಂತು ನೋಡಾಕತ್ತಿದ್ರು. ಕಣ್ಣು ಉರಿಯೂತನಕ ಹುಡುಕಿದೆ. ಕಡೀಕ ಒಂದು ಜೋಡಿ ಸಿಕ್ತು. ಬಿದಿರಿನ ಗೆಣ್ಣಿನ ಕಪ್ಪು ಕಲೆ ಅರ್ಧಾ ಇದರಾಗ, ಅರ್ಧಾ ಅದರಾಗ. ಹೊಳ್ಳಿಸಿ ಮಾರಿ ನೋಡಿದ್ರ ಒಂದು ಹಳದಿ ಚಕ್ರ, ಒಂದು ಬಿಳಿ ಅಕ್ಷರ.

"ನೋಡ್ರಿ, ಹಳದೀನೂ ಎಲುಬ, ದಂತ ಅಲ್ಲ. ಒಂದ ಬಿದಿರು ಕೊಯ್ದು ಮಾಡಿದ್ದು ಎರಡೂ. ಬೆಸಿಗಿ ಹಳೇದು, ಬಿಚ್ಚಿ ಕೂಡಿಸಿದ ಗುರ್ತಿಲ್ಲ. ಬಿಳೀದೂ ನಿಮ್ಮಜ್ಜ ತಂದದ್ದ" ಅಂದೆ. "ಈಗ ನೀವು ಹೇಳ್ರಿ. ಹಳೇ ಊರಾಗ ಹಳದಿ ಬಿಲ್ಲೆ ಎಲ್ಲಿ ನೋಡಿದ್ರಿ?"

"ನಮ್ಮಜ್ಜಿ ದೇವರ ಜಗಲಿ ಮ್ಯಾಲ" ಅಂದ ಅಣ್ಣ. "ದೀಪಾವಳಿ ಅಮಾಸಿಗೆ ಲಕ್ಷ್ಮಿ ಮುಂದ ಇಡತಿದ್ಲು. ಅರಿವೀಲೆ ಒರಸಿ, ತುಪ್ಪ ಅರಿಷಿಣ ಹಚ್ಚಿ, ಸಾಲಾಗಿ."

"ಮ್ಯಾಲ ಏನ್ ಚಿತ್ರ ಇದ್ದುವು?"

"ದುಂಡ ದುಂಡನವು. ಅಜ್ಜಿ ಅದಕ್ಕ ರೊಕ್ಕ ಅಂತಿದ್ಲು. ಚೀನಾದ ರೊಕ್ಕ, ನಿಮ್ಮಜ್ಜ ಗಳಿಸಿ ತಂದದ್ದು ಅಂತ..."

ಅಂವಗೂ ನನಗೂ ಒಮ್ಮೆಲೆ ತಿಳೀತು. ಅಜ್ಜಿ ಚಕ್ರದವು ಅಷ್ಟ ಲಕ್ಷ್ಮಿ ಅಂತ ಜಗಲಿಗೆ ತಗದಿದ್ಲು, ತಿಳೀಲಾರದ ಅಕ್ಷರದವು, ಕಡ್ಡಿ ಚಿತ್ರದವು ಪೆಟಗ್ಯಾಗ ಹಂಗ ಅಟ್ಟ ಸೇರಿದ್ದುವು. ಊರು ಮುಳುಗೂ ಗಡಿಬಿಡಿಯಾಗ ಎಲ್ಲಾ ಒಂದ ಪೆಟಗಿಗೆ ಬಿದ್ದುವು. ಅಂವ ಸಣ್ಣಾಂವಿದ್ದಾಗ ಕಣ್ಣಾರೆ ನೋಡಿದ್ದು ಖರೇನ, ಆದ್ರ ಅಂವ ನೋಡಿದ್ದು ಜಗಲಿ ಅಷ್ಟ.

ಅಣ್ಣ ಜೋಡಿ ಬಿಲ್ಲೆ ಹೊಳ್ಳಿ ಪೆಟಗ್ಯಾಗ ಇಟ್ಟ. ಆಮ್ಯಾಲ "ಆತು ಬಿಡ್ರಿ, ತಿಳೀತಲ್ಲ. ಮನಿ ಮಾತು ಮನ್ಯಾಗ ಇರಲಿ. ಆಣಿ ಗೀಣಿ ಬ್ಯಾಡಂತ ಹಿರ್ಯಾರಿಗೆ ಹೇಳಿಬರತೇನಿ" ಅಂತ ಎದ್ದ.

"ಎಲ್ಲಿಗೆ ಎದ್ರಿ ಭಾವಾರ? ಕುಂದ್ರಿ" ಅಂದ್ಲು ಅಕಿ. ಧ್ವನಿ ಏರಸಲಿಲ್ಲ. "ಕಳ್ಳಿ ಅಂದದ್ದು ಕಟ್ಟಿ ಮ್ಯಾಲ. ಅಲ್ಲ ಅನ್ನೂದು ಅಡಿಗಿ ಮನ್ಯಾಗೇನು? ನನ್ನ ತವರಮನಿತನಕ ಮುಟ್ಟೇತಿ ಆ ಮಾತು. ಅಮಾಸಿ ದಿನ ಅದ ಕಟ್ಟಿ ಮ್ಯಾಲ ಹೇಳಬೇಕು. ಬಾಯಾರೂ ಬರಬೇಕು."

ಆವತ್ತು ಮದಲನೇ ಸಲ ತಮ್ಮ ಬಾಯಿ ಬಿಟ್ಟ. "ಹೌದಣ್ಣಾ. ಅಲ್ಲೇ ಹೇಳಬೇಕು."

ಅಮಾಸಿ ಮುಂಜಾನೆ ಬೀರಪ್ಪನ ಕಟ್ಟಿ ತುಂಬಿತ್ತು. ಅಣ್ಣ ಹೇಳಿದ, ಪಾಪ, ಬೆವರು ಒರಸಿಕೋತ ಹೇಳಿದ. ನಾ ಭೂತಗನ್ನಡಿ ಕೊಟ್ಟೆ, ಜೋಡಿ ಬಿದಿರು ತೋರಿಸಿದೆ, ಕರಿ ಕಂಬಳಿ ಮುಸುಕು ಹಾಕಿಸಿ ನೀಲಿ ಲೈಟ್ ಹಿಡದೆ. ಹುಡುಗರು "ಅಬಾಬಾ" ಅಂದ್ರು. ಹಿರ್ಯಾರು ಗೋಣು ಹಾಕಿದ್ರು. ಆದ್ರ ಬಾಯೊಳಗ ನೋಡೂ ನನ್ನ ಕಣ್ಣು ಮಂದಿ ಮಾರೀನೂ ಓದತಾವ. ಯಾರೂ ನಂಬಿದ್ದಿಲ್ಲ. ಒಬ್ಬರ ಮಾರಿ ಒಬ್ಬರು ನೋಡತಿದ್ರು.

ಅಣ್ಣಗ ಮುಗಿಸಿ ಮನಿಗೆ ಹೋಗೂ ಅವಸರ. ಪೆಟಗಿ ತಂದು ನನ್ನ ಮುಂದಿಟ್ಟ. "ಬಾಯಾರ, ಇದನ್ನ ನೀವ ಒಯ್ರಿ. ಪುಕ್ಕಟ ಒಯ್ರಿ. ಇಷ್ಟು ರಾಮಾಯಣ ಮಾಡಿದ ವಸ್ತು ಮನ್ಯಾಗ ಬ್ಯಾಡ."

ಅಕೀನೂ "ಒಯ್ರಿ, ಕಣ್ಮುಂದಿಂದ ಹೋಗಲಿ" ಅಂದ್ಲು.

ನನ್ನ ಎರಡೂ ಕೈ ಪೆಟಗಿ ಮ್ಯಾಲ ಇದ್ದುವು. ಯಾವಾಗ ಇಟ್ನೋ ನನಗ ಗೊತ್ತಿಲ್ಲ. ಮನ್ಯಾಗ ಯಾವ ಕಪಾಟಿನಾಗ ಇಡೂದು ಅಂತ ಮನಸ್ಸು ಆಗಲೇ ಓಡಿತ್ತು. ಅಷ್ಟರಾಗ ಹಿಂದ ಯಾರೋ ಮೆಲ್ಲಕ ಅಂದ್ರು:

"ಹಾಂ, ಈಗ ತಿಳೀತು ನೋಡು, ದಂತ ಯಾಕ ಎಲುಬಾತು ಅಂತ."

ಕಿಸಕ್ಕಂತ ಒಂದೆರಡು ನಗಿ ಕೇಳಿಸ್ತು. ನನಗ ಮೈಯೆಲ್ಲಾ ಉರೀತು. ನಾ ಸುಳ್ಳು ಹೇಳೇನೇನು? ತಿರುಗಿ ನಾಕು ಮಾತು ಅನ್ನಬೇಕಂದೆ. ಆದ್ರ ಅಕಿ ಮಾರಿ ನೋಡಿದೆ, ಬೆಳ್ಳಗಾಗಿತ್ತು. ಅಕಿಗೂ ಆ ಮಾತು ಕೇಳಿತ್ತು. ಈ ಪೆಟಗಿ ನಾ ಒಯ್ದ್ರ ಸಂಜೀಕ ಚಾದಂಗಡ್ಯಾಗ ಏನಂತಾರ ಅನ್ನೂದು ಇಬ್ಬರಿಗೂ ತಿಳೀತು. ಡಾಕ್ಟರ್ ಬಾಯಿ, ಆ ಹೆಣ್ಣು ಕೂಡಿ ಆಟಾ ಹೂಡಿದ್ರು ಅಂತಾರ. ಅಕಿ ಸಾಯೂತನಕ ಕಳ್ಳಿ.

ಅಂಥಾ ಸೆಟ್ ಈ ಜನ್ಮದಾಗ ಮತ್ತ ಸಿಗೂದಿಲ್ಲ. ಪೆಟಗಿ ಅಕಿ ಕಡೆ ನೂಕಿದೆ.

"ನನಗ ಬ್ಯಾಡವ್ವಾ. ನೀ ಇಟ್ಕೋ. ತುಪ್ಪ ಹಚ್ಚಬ್ಯಾಡ, ನೀರು ತಾಗಿಸಬ್ಯಾಡ, ಒಣಾ ಅರಿವೀಲೆ ಒರಸು" ಅಂದು ನನ್ನ ಚೀಲ ಕಟ್ಟಾಕತ್ತೆ.

ಕಟ್ಟಿ ಮ್ಯಾಲ ನಡುವ ಕುಂತಿದ್ದ ಮುದುಕ, ಮುಂಜಾನಿಂದ ಭೂತಗನ್ನಡಿ ಕೈಯಿಂದ ಮುಟ್ಟಿರಲಿಲ್ಲ. ಈಗ ಕೆಮ್ಮಿ ಮಾತಾಡಿದ.

"ಬಿಟ್ಟು ಹೊಂಟಾರಂದ್ರ ಎಲುಬ ಖರೇ ಬಿಡ್ರಿ ಅದು. ದಂತ ಇದ್ರ ಇವರು ಬಿಡತಿದ್ರೇನು?"

"ಹೌದಲ್ಲ!" ಅಂದ್ರು ನಾಕಾರು ಮಂದಿ. "ಹೌದ್ಹೌದು" ಅಂತು ಪೂರಾ ಕಟ್ಟಿ. ನನ್ನ ಕನ್ನಡಿ, ನನ್ನ ಲೈಟು, ಮೂರು ದಿನದ ಚಾಕ್ ಪುಡಿ ಯಾವದೂ ಮಾಡಲಾರದ ಕೆಲಸ ನನ್ನ ಖಾಲಿ ಕೈ ಮಾಡಿತ್ತು. ನಗಬೇಕೋ ಅಳಬೇಕೋ ತಿಳೀಲಿಲ್ಲ. ಖರೇ ಹೇಳಬೇಕಂದ್ರ ಅಳು ಬಂದಿತ್ತು.

ಮುದುಕ ಗುಡಿಯೊಳಗಿಂದ ಒಂದು ಚಿಟಿಕಿ ಭಂಡಾರ ತಂದು, ಆಣಿ ಕೇಳಲಾರದ, ಅಕಿ ಹಣಿಗೆ ತಾನ ಹಚ್ಚಿದ. ಅಕಿ ಪೆಟಗಿ ಎತ್ತಿ ತಲಿ ಮ್ಯಾಲ ಹೊತ್ತು, ಕಟ್ಟಿ ಮುಂದಿನ ನಡು ಹಾದೀಲೆ, ಎಲ್ಲಾರ ಮಾರಿ ನೋಡಿಕೋತ ಮನಿಗೆ ಹೋದ್ಲು.